ಗ್ಯಾಲಕ್ಸಿ ಚಾಂಪಿಯನ್ ಆದ ಮೇಲೆ 16 ಪಂದ್ಯ ಯಾಕೆ ಗೆಲ್ಲಲಿಲ್ಲ?

ಮೆಸ್ಸಿ 2023ರ ಜುಲೈನಲ್ಲಿ ಇಂಟರ್ ಮಯಾಮಿ ಸೇರಿದಾಗಿನಿಂದ ಹುಬ್ಬಳ್ಳಿ-ಧಾರವಾಡದ ಫುಟ್‌ಬಾಲ್ ಹುಡುಗರ ನಡುವೆ ಒಂದು ವಾದ ಮುಗಿದೇ ಇಲ್ಲ. ಅಮೆರಿಕದ ಎಂಎಲ್‌ಎಸ್ (ಮೇಜರ್ ಲೀಗ್ ಸಾಕರ್) ಟೀಮೊಂದನ್ನು ತಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಬಿಟ್ಟರೆ ಎಷ್ಟನೇ ಸ್ಥಾನಕ್ಕೆ ಬಂದೀತು? ನಮ್ಮ ಅಂದಾಜು ಹೇಳಿಬಿಡ್ತೀವಿ: ಒಳ್ಳೆ ಎಂಎಲ್‌ಎಸ್ ಟೀಮಿನ ಮೊದಲ ಹನ್ನೊಂದು ಮಂದಿ ಇಂಗ್ಲೆಂಡಿನ ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನಲ್ಲಿ ಮಾನವಾಗಿ ಆಡ್ತಾರೆ. 65ನೇ ನಿಮಿಷಕ್ಕೆ ಬೆಂಚಿನಿಂದ ಮೂವರು ಒಳಗೆ ಬಂದರೆ ಸಾಕು, ಆಟ ಇಳಿಯುತ್ತದೆ. ಹಾಗೆ ಇಳಿಯೋದು ಯಾಕೆ ಅನ್ನೋದು ತಿಳಿದರೆ ಎರಡೂ ಲೀಗ್ ಅರ್ಥ ಆದ ಹಾಗೆ. ಎಂಎಲ್‌ಎಸ್ ಚಾಂಪಿಯನ್ ಲಾಸ್ ಏಂಜಲೀಸ್ ಗ್ಯಾಲಕ್ಸಿ ಮರುವರ್ಷವೇ 16 ಪಂದ್ಯ ಗೆಲ್ಲದೆ ಕೂತಿದ್ದಕ್ಕೂ ಉತ್ತರ ಅಲ್ಲೇ ಇದೆ.

ಕಾರಣ ಸಂಬಳದ ಮಿತಿ. 2025ರಲ್ಲಿ ಒಂದು ಎಂಎಲ್‌ಎಸ್ ಟೀಮಿನ ಸಂಬಳದ ಬಜೆಟ್ 59.5 ಲಕ್ಷ ಡಾಲರ್. ಪಟ್ಟಿಯಲ್ಲಿ 30 ಆಟಗಾರರಿಗೆ ಜಾಗ ಇದ್ದರೂ ಬಜೆಟ್ಟಿನ ಲೆಕ್ಕಕ್ಕೆ ಬರೋದು ಮೊದಲ 20 ಮಂದಿ ಮಾತ್ರ. ಬೆಕ್‌ಹ್ಯಾಮ್‌ನನ್ನು ಕರೆತರಲು 2007ರಲ್ಲಿ ಮಾಡಿದ 'ಡೆಸಿಗ್ನೇಟೆಡ್ ಪ್ಲೇಯರ್' ನಿಯಮದ ಪ್ರಕಾರ ಮೂವರಿಗೆ ಎಷ್ಟು ಬೇಕಾದರೂ ಕೊಡಬಹುದು, ಆದರೆ 2025ರಲ್ಲಿ ಬಜೆಟ್ಟಿಗೆ ತಲಾ 7,43,750 ಡಾಲರ್ ಅಷ್ಟೇ ಬೀಳುತ್ತಿತ್ತು. ಮಿಕ್ಕಿದ್ದು ಮಾಲೀಕರ ಜೇಬಿನಿಂದ. ಮೆಸ್ಸಿಯ ವರ್ಷದ ಖಾತರಿ ಗಳಿಕೆ 2 ಕೋಟಿ ಡಾಲರ್ ದಾಟಿದ್ದು ಹೀಗೆ.

ಈಗ ಪೆನ್ನು ತಗೊಳ್ರಿ. ಮೂವರಿಗೆ 22,31,250 ಹೋಯಿತು. ಉಳಿದದ್ದು 37,18,750 ಡಾಲರ್, ಹಂಚಬೇಕಾದವರು 17 ಮಂದಿ. ತಲಾ 2,18,750 ಡಾಲರ್, ಅಂದರೆ ವರ್ಷಕ್ಕೆ ಎರಡು ಕೋಟಿ ರೂಪಾಯಿಗೂ ಸ್ವಲ್ಪ ಕಮ್ಮಿ. ಲೀಗ್ ಕೊಡುವ 'ಅಲೊಕೇಶನ್ ಮನಿ' ಬಳಸಿ ಇದನ್ನು ಒಂದಿಷ್ಟು ಹಿಗ್ಗಿಸಬಹುದು, 22 ವರ್ಷದೊಳಗಿನವರಿಗೆ ಬೇರೆ ರಿಯಾಯಿತಿಯೂ ಉಂಟು. ಆದರೂ ಮುಂದೆ ಮೂವರು ದುಬಾರಿ ಆಟಗಾರರು, ಹಿಂದೆ ಅಗ್ಗದ ಡಿಫೆಂಡರ್‌ಗಳು ಎಂಬ ಆಕಾರ ಬಹುತೇಕ ಟೀಮುಗಳದ್ದು. ಗೋಲು ಹೆಚ್ಚು ಬೀಳೋದಕ್ಕೂ, ಎರಡು ಗೋಲಿನ ಮುನ್ನಡೆ ಕೈತಪ್ಪೋದಕ್ಕೂ ಮೂಲ ಇಲ್ಲಿದೆ.

ಲಾಸ್ ಏಂಜಲೀಸ್ ಗ್ಯಾಲಕ್ಸಿಯ ಕಥೆ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. 2024ರ ಡಿಸೆಂಬರ್ 7ರಂದು ಅವರು ನ್ಯೂಯಾರ್ಕ್ ರೆಡ್ ಬುಲ್ಸ್ ತಂಡವನ್ನು 2-1ರಿಂದ ಸೋಲಿಸಿ ಎಂಎಲ್‌ಎಸ್ ಕಪ್ ಗೆದ್ದು ಚಾಂಪಿಯನ್ ಆದರು. ಫೈನಲ್‌ನ ಶ್ರೇಷ್ಠ ಆಟಗಾರ ಗಾಸ್ತೋನ್ ಬ್ರೂಗ್‌ಮನ್, ಗೆಲುವಿನ ಗೋಲು ಡೆಯಾನ್ ಯೊವೆಲಿಚ್‌ನದು. ಕೆಲವೇ ವಾರಗಳಲ್ಲಿ ಬ್ರೂಗ್‌ಮನ್ ನ್ಯಾಶ್‌ವಿಲ್‌ಗೆ, ಯೊವೆಲಿಚ್ ಕಾನ್ಸಾಸ್ ಸಿಟಿಗೆ, ಮಿಡ್‌ಫೀಲ್ಡರ್ ಮಾರ್ಕ್ ಡೆಲ್ಗಾಡೊ ಅದೇ ಊರಿನ ಎದುರಾಳಿ ಎಲ್‌ಎಎಫ್‌ಸಿಗೆ! ಕಪ್ ಗೆದ್ದವರನ್ನೆಲ್ಲ ಇಟ್ಟುಕೊಳ್ಳಲು ಬಜೆಟ್ಟಿನಲ್ಲಿ ಜಾಗ ಇರಲಿಲ್ಲ. ಸೆಮಿಫೈನಲ್ ಹಂತದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದ ರಿಕಿ ಪುಯಿಗ್ ಇಡೀ 2025 ಹೊರಗೆ. ಫಲವಾಗಿ ಹೊಸ ಸೀಸನ್ನಿನ ಮೊದಲ 16 ಲೀಗ್ ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಮೊದಲ ಗೆಲುವು ಸಿಕ್ಕಿದ್ದು ಮೇ ಕೊನೆಗೆ.

ಅದೇ 2025ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಲಿವರ್‌ಪೂಲ್ ಏನು ಮಾಡಿತು? ನ್ಯೂಕಾಸಲ್‌ಗೆ 12.5 ಕೋಟಿ ಪೌಂಡ್ ಕೊಟ್ಟು ಅಲೆಕ್ಸಾಂಡರ್ ಇಸಾಕ್‌ನನ್ನು ತಂದಿತು. ಆಗ ಅಲ್ಲಿಯೂ ಕಟ್ಟಳೆ ಇತ್ತು, ಆದರೆ ಅದು ನಷ್ಟದ ಮೇಲಿನದು: ಮೂರು ವರ್ಷಕ್ಕೆ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ. ಅದನ್ನು ಮೀರಿದ್ದಕ್ಕೆ 2023-24ರಲ್ಲಿ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅಂಕ ಕಳೆದುಕೊಂಡವು. ಗಳಿಕೆ ದೊಡ್ಡದಿದ್ದವನು ಖರ್ಚೂ ದೊಡ್ಡದಾಗಿ ಮಾಡಬಹುದು. ಹಾಗಾಗಿ ಬಲವಿದ್ದವರ ಬಲ ಅಲ್ಲಿ ಬೆಳೆಯುತ್ತಲೇ ಹೋಗುತ್ತದೆ, ಇದು ನಮಗೆ ಹಿಡಿಸದ ಸಂಗತಿ.

ಗ್ಯಾಲಕ್ಸಿಗೆ ಆ ವರ್ಷ ಶಿಕ್ಷೆಯೇನೂ ಆಗಲಿಲ್ಲ, ಯಾಕಂದರೆ ಎಂಎಲ್‌ಎಸ್‌ನಲ್ಲಿ ಕೆಳದರ್ಜೆಗೆ ಬೀಳೋದು ಇಲ್ಲ. ಆಟಗಾರರ ಕರಾರೂ ಲೀಗಿನ ಹೆಸರಲ್ಲೇ ಇರುತ್ತದೆ. ಸ್ಯಾನ್ ಡಿಯಾಗೊ ಮಾಲೀಕರು 30ನೇ ಟೀಮಾಗಿ ಸೇರಲು 50 ಕೋಟಿ ಡಾಲರ್ ಕಟ್ಟಿದ್ದಾರೆ. ಅಷ್ಟು ಸುರಿದವರನ್ನು ಕೆಳಕ್ಕೆ ತಳ್ಳುವ ನಿಯಮಕ್ಕೆ ಯಾವ ಮಾಲೀಕ ಕೈ ಎತ್ತುತ್ತಾನೆ? ಇಂಗ್ಲೆಂಡಿನಲ್ಲಿ 20ರಲ್ಲಿ ಕೊನೆಯ ಮೂರು ಟೀಮು ಇಳಿಯಲೇಬೇಕು. 2024-25ರಲ್ಲಿ ಸೌತಾಂಪ್ಟನ್ ಏಳು ಪಂದ್ಯ ಬಾಕಿ ಇರುವಾಗಲೇ ಇಳಿದಿತ್ತು, ಒಟ್ಟು ಅಂಕ 12. ಏಪ್ರಿಲ್‌ನಲ್ಲಿ 16, 17ನೇ ಸ್ಥಾನದವರ ಪಂದ್ಯ ನೋಡ್ರಿ. ಆ ಜಿದ್ದು ಎಂಎಲ್‌ಎಸ್‌ನ ತಳದಲ್ಲಿ ಸಿಗೋದಿಲ್ಲ. ನಮ್ಮ ಮಟ್ಟಿಗೆ ಆ ಲೀಗಿನ ಅತಿ ದೊಡ್ಡ ಕೊರತೆ ಇದೇ.

ಪಾಯಿಂಟ್ ಟೇಬಲ್ ಓದುವಾಗ ಹೊಸಬರು ಎಡವೋದು ಇನ್ನೊಂದು ಕಡೆ. 34 ಪಂದ್ಯದ ಕೊನೆಗೆ ಹೆಚ್ಚು ಅಂಕ ಪಡೆದವರಿಗೆ ಸಪೋರ್ಟರ್ಸ್ ಶೀಲ್ಡ್ ಸಿಗುತ್ತದೆ, ಆದರೆ ಚಾಂಪಿಯನ್ ಅನ್ನಿಸಿಕೊಳ್ಳೋದು ಪ್ಲೇಆಫ್ ಗೆದ್ದವರು. ಪೂರ್ವ, ಪಶ್ಚಿಮ ಎರಡೂ ಗುಂಪಿನಿಂದ ತಲಾ ಒಂಬತ್ತು ಟೀಮು ಒಳಗೆ ಬರುತ್ತವೆ. 2024ರಲ್ಲಿ ಮಯಾಮಿ ದಾಖಲೆಯ 74 ಅಂಕ ಗಳಿಸಿಯೂ ಒಂಬತ್ತನೆಯವರಾಗಿ ಬಂದ ಅಟ್ಲಾಂಟಾಕ್ಕೆ ಮೊದಲ ಸುತ್ತಿನಲ್ಲೇ ಸೋತಿತು. ಮರುವರ್ಷ ಕಪ್ಪನ್ನೇ ಗೆದ್ದಿತು, ಆ ಮಾತು ಬೇರೆ.

ಪ್ರಯಾಣವನ್ನೂ ಲೆಕ್ಕಕ್ಕೆ ಹಿಡೀರಿ. ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್ ಅಂದರೆ ಹೆಚ್ಚುಕಮ್ಮಿ ಹುಬ್ಬಳ್ಳಿಯಿಂದ ಗದಗಿನಷ್ಟು ದೂರ. ವ್ಯಾಂಕೂವರ್ ಟೀಮು ಮಯಾಮಿಗೆ ಹೋಗಬೇಕಾದರೆ ಖಂಡವನ್ನೇ ದಾಟಬೇಕು, ಮೂರು ತಾಸಿನ ಸಮಯ ವ್ಯತ್ಯಾಸ ಬೇರೆ. ಕೊಲೊರಾಡೊದಲ್ಲಿ ಎತ್ತರದ ತೆಳು ಗಾಳಿ, ಟೆಕ್ಸಾಸ್‌ನಲ್ಲಿ ಜುಲೈ ಬಿಸಿಲು, ಸಿಯಾಟಲ್, ಪೋರ್ಟ್‌ಲ್ಯಾಂಡ್‌ಗಳಲ್ಲಿ ಕೃತಕ ಹುಲ್ಲು. ಬಾಡಿಗೆ ಟರ್ಫ್‌ನಲ್ಲಿ ಆಡಿದವರಿಗೆ ಚೆಂಡು ಅಲ್ಲಿ ಹೇಗೆ ಪುಟಿಯುತ್ತದೆ ಗೊತ್ತೇ ಇದೆ. ಹೊರಗಿನ ಪಂದ್ಯದಲ್ಲಿ ಒಳ್ಳೆ ಟೀಮು ಮಂಕಾಗಿ ಕಂಡರೆ ಮೊದಲು ಮೈದಾನ ಯಾವುದು ಅಂತ ನೋಡ್ರಿ.

ಹುಬ್ಬಳ್ಳಿಯಲ್ಲಿ ಕೂತು ನೋಡೋರಿಗೆ ಎರಡೂ ಒಂದಕ್ಕೊಂದು ಅಡ್ಡ ಬರೋದಿಲ್ಲ. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನ ಮೂರರ ಪಂದ್ಯ ನಮಗೆ ರಾತ್ರಿ 7:30ಕ್ಕೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯವರೆಗೆ 8:30ಕ್ಕೆ. ಎಂಎಲ್‌ಎಸ್‌ನ ಪೂರ್ವ ಕರಾವಳಿಯ ಶನಿವಾರ ಸಂಜೆ 7:30ರ ಪಂದ್ಯ ಬೇಸಿಗೆ ಗಡಿಯಾರದಲ್ಲಿ ನಮಗೆ ಭಾನುವಾರ ಬೆಳಗಿನ ಜಾವ 5ಕ್ಕೆ, ಪಶ್ಚಿಮ ಕರಾವಳಿಯದಾದರೆ ಬೆಳಿಗ್ಗೆ 8ಕ್ಕೆ. ಹೊಸದಾಗಿ ಶುರು ಮಾಡೋರು ಎಂಟರ ಪಂದ್ಯಗಳಿಂದ ಶುರು ಮಾಡ್ರಿ, ಅದರಲ್ಲೂ ಸಿಯಾಟಲ್-ಪೋರ್ಟ್‌ಲ್ಯಾಂಡ್ ಇದ್ದ ದಿನ ಬಿಡಬ್ಯಾಡ್ರಿ.