ಮಲಾವಿಯ ಹಳ್ಳಿ ದುಡಿಮೆ: ಗನ್ಯು ಕೂಲಿಯ ಲೆಕ್ಕ ಹಾಕುವುದು ಹೇಗೆ

ಆಗ್ನೇಯ ಆಫ್ರಿಕಾದ ಮಲಾವಿ ದೇಶದ ಹಳ್ಳಿಯಲ್ಲಿ ‘ನಿಮ್ಮ ಮುಖ್ಯ ಉದ್ಯೋಗ ಯಾವುದು’ ಎಂದು ಕೇಳಿದರೆ ಹೆಚ್ಚಿನವರು ಬೇಸಾಯ ಎನ್ನುತ್ತಾರೆ. ಸುಳ್ಳಲ್ಲ, ಆದರೆ ಆ ಉತ್ತರದಿಂದ ಸಂಶೋಧನೆಗೆ ಏನೂ ದಕ್ಕುವುದಿಲ್ಲ. ಅದೇ ಮನುಷ್ಯ ನವೆಂಬರ್-ಡಿಸೆಂಬರಿನಲ್ಲಿ ತನ್ನ ಹೊಲಕ್ಕೆ ಮೆಕ್ಕೆಜೋಳ ಹಾಕುತ್ತಾನೆ; ಜನವರಿಯಲ್ಲಿ ಮನೆಯ ಕಾಳು ಮುಗಿದಾಗ ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆಯುತ್ತಾನೆ; ಏಪ್ರಿಲ್‌ನಿಂದ ಕಟಾವು; ಮಳೆ ನಿಂತ ಮೇಲೆ ಇಟ್ಟಿಗೆ, ಇದ್ದಿಲು, ಇಲ್ಲವೇ ತೇವ ಉಳಿದ ತಗ್ಗಿನ ಜಮೀನಿನಲ್ಲಿ ಸೊಪ್ಪು-ತರಕಾರಿ. ಆ ತಗ್ಗಿನ ಜಮೀನಿಗೆ ಅಲ್ಲಿ ಡಿಂಬಾ ಎನ್ನುತ್ತಾರೆ, ಬಿಡಿ ಕೂಲಿಗೆ ಗನ್ಯು. ಹಳ್ಳಿಯ ಆದಾಯದ ಬಗ್ಗೆ ಬರೆಯಹೊರಟವರು ಮನುಷ್ಯನಿಗೆ ಒಂದು ಉದ್ಯೋಗದ ಚೀಟಿ ಅಂಟಿಸುವುದನ್ನು ಬಿಟ್ಟು, ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯಿತು ಎಂಬಲ್ಲಿಂದ ಶುರು ಮಾಡಬೇಕು.

ದತ್ತಾಂಶಕ್ಕೆ ಕೊರತೆಯಿಲ್ಲ. ಮಲಾವಿಯ ರಾಷ್ಟ್ರೀಯ ಅಂಕಿಅಂಶ ಕಚೇರಿ ವಿಶ್ವಬ್ಯಾಂಕಿನ ನೆರವಿನಿಂದ ನಡೆಸುವ ಕುಟುಂಬ ಸಮೀಕ್ಷೆಯ ಮೂರನೆಯ ಸುತ್ತು 2010-11ರಲ್ಲಿ, ನಾಲ್ಕನೆಯದು 2016-17ರಲ್ಲಿ, ಐದನೆಯದು 2019-20ರಲ್ಲಿ ನಡೆಯಿತು. ಪ್ರತಿ ಸುತ್ತಿನಲ್ಲೂ 11,000ಕ್ಕೂ ಹೆಚ್ಚು ಕುಟುಂಬಗಳು. ವಿಶ್ವಬ್ಯಾಂಕಿನ ಮೈಕ್ರೋಡೇಟಾ ತಾಣದಲ್ಲಿ ಹೆಸರು ನೋಂದಾಯಿಸಿದರೆ ಕಡತಗಳು ಉಚಿತ. ಇಳಿಸಿಕೊಂಡ ಕೂಡಲೇ ಲೆಕ್ಕಕ್ಕೆ ಕೂರಬೇಡಿ. ಮೊದಲು ಪ್ರಶ್ನಾವಳಿಯನ್ನು ಪೂರ್ತಿ ಓದಿ. ಅರ್ಧ ತಪ್ಪುಗಳು ಅಲ್ಲೇ ತಪ್ಪುತ್ತವೆ.

ಗನ್ಯು ಬಗ್ಗೆ ಸಮೀಕ್ಷೆ ಕೇಳುವುದು ಹೀಗೆ: ಕಳೆದ 12 ತಿಂಗಳಲ್ಲಿ ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ವಾರ, ವಾರಕ್ಕೆ ಎಷ್ಟು ದಿನ, ದಿನಕ್ಕೆ ಸರಾಸರಿ ಎಷ್ಟು ಕೂಲಿ. ನಾಲ್ಕನ್ನೂ ಗುಣಿಸಿದರೆ ವರ್ಷದ ಕೂಲಿ ಆದಾಯ. ಕಾಗದದ ಮೇಲೆ ಸರಳ. ತೊಂದರೆಯೆಂದರೆ ಪ್ರತಿ ಉತ್ತರವೂ ದುಂಡಗಿನ ಅಂಕಿ. 4 ತಿಂಗಳು, 4 ವಾರ, 5 ದಿನ ಎಂದರೆ 80 ದಿನ. ನಿಜಕ್ಕೂ ನಡೆದದ್ದು 3 ತಿಂಗಳು, 3 ವಾರ, 4 ದಿನವಾಗಿದ್ದರೆ 36. ಒಂದೊಂದರಲ್ಲಿ ಒಂದೊಂದೇ ಹೆಚ್ಚಾದರೂ ಮೊತ್ತ ಎರಡು ಪಟ್ಟು ದಾಟುತ್ತದೆ. ಇದನ್ನು ಒರೆಗೆ ಹಚ್ಚಲು ಅದೇ ಪ್ರಶ್ನಾವಳಿಯಲ್ಲಿ ಕಳೆದ 7 ದಿನಗಳ ಗನ್ಯು ಗಂಟೆಗಳ ಪ್ರಶ್ನೆಯಿದೆ. ಸಮೀಕ್ಷೆ ವರ್ಷಪೂರ್ತಿ ನಡೆಯುವುದರಿಂದ ಸಂದರ್ಶನದ ತಿಂಗಳುವಾರು ಸರಾಸರಿ ತೆಗೆದು, ಆ ತಿಂಗಳ ವಾರಗಳಿಂದ ಗುಣಿಸಿ, ಕೂಡಿಸಿ, ವಾರ್ಷಿಕ ಉತ್ತರದ ದಿನಗಳನ್ನೂ ಗಂಟೆಗೆ ತಿರುಗಿಸಿ ಪಕ್ಕ ಇಟ್ಟು ನೋಡಿ. ಎರಡೂ ದೂರವಿದ್ದರೆ ನಾನಂತೂ ವಾರದ ಲೆಕ್ಕವನ್ನೇ ನಂಬುವೆ. ಆದರೆ ಇದು ದೇಶದ ಅಥವಾ ಪ್ರಾಂತ್ಯದ ಮಟ್ಟಕ್ಕೆ ಮಾತ್ರ. ಜಿಲ್ಲೆಗೆ ಇಳಿದರೆ ಒಂದೊಂದು ತಿಂಗಳಿಗೆ ಸಿಗುವ ಮನೆಗಳು ತೀರಾ ಕಡಿಮೆ.

ಇನ್ನೊಂದು ತೊಡಕು, ಗನ್ಯು ಬಹಳಷ್ಟು ಕಡೆ ದಿನಗೂಲಿಯೇ ಅಲ್ಲ. ಇಷ್ಟು ಸಾಲು ಕಳೆ ತೆಗೆದರೆ ಇಷ್ಟು ಎಂಬ ಉಕ್ತಾ ಲೆಕ್ಕ. ಕೆಲಸ ಒಪ್ಪಿಕೊಂಡವನು ಗಂಡ, ಜೊತೆಗೆ ದುಡಿದವರು ಹೆಂಡತಿ-ಮಕ್ಕಳು; ಉತ್ತರದಲ್ಲಿ ಕಾಣುವುದು ಗಂಡ ಒಬ್ಬನೇ. ಆಗ ಅವನ ‘ದಿನಗೂಲಿ’ ಸುಮ್ಮನೆ ಎತ್ತರಕ್ಕೇರುತ್ತದೆ, ಹೆಂಡತಿ ಕೆಲಸವಿಲ್ಲದವಳ ಪಟ್ಟಿಗೆ ಸೇರುತ್ತಾಳೆ. ಕೂಲಿ ಹಣದ ಬದಲು ಮೆಕ್ಕೆಜೋಳದಲ್ಲಿ ಸಂದಾಯವಾದರೆ ಅದಕ್ಕೆ ಯಾವ ಬೆಲೆ ಹಾಕುತ್ತೀರಿ? ಜನವರಿ-ಫೆಬ್ರವರಿಯ ಬೆಲೆಯನ್ನೇ ಹಾಕಬೇಕು. ಕಟಾವಿನ ಹೊತ್ತಿನ ಅಗ್ಗದ ಬೆಲೆ ಹಾಕಿದರೆ ಹಸಿವಿನ ತಿಂಗಳ ಕೂಲಿ ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ನಮ್ಮ ಮುಯ್ಯಾಳಿನಂಥ ಪದ್ಧತಿ ಅಲ್ಲೂ ಇದೆ. ಅದು ಕೂಲಿಯಲ್ಲ, ಗಂಟೆಗಳ ಲೆಕ್ಕಕ್ಕೆ ಸೇರಿಸಿ, ಆದಾಯಕ್ಕೆ ಸೇರಿಸಬೇಡಿ.

ಸ್ವಂತ ಹೊಲದ ದುಡಿಮೆಯ ನೆನಪು ಇನ್ನೂ ಜಾರು. ಟಾಂಜಾನಿಯಾದ ಮಾರಾ ಪ್ರದೇಶದಲ್ಲಿ 2014ರ ಬೆಳೆಗಾಲದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳನ್ನು ವಾರವಾರ ಕೇಳಿದರು, ಕೆಲವನ್ನು ಬೆಳೆ ಮುಗಿದ ಮೇಲೆ ಒಂದೇ ಸಲ. ಕೊನೆಗೆ ಒಮ್ಮೆ ಉತ್ತರಿಸಿದವರು ಒಬ್ಬೊಬ್ಬರಿಗೆ ಒಂದೊಂದು ತಾಕಿನಲ್ಲಿ ವಾರದ ಲೆಕ್ಕಕ್ಕಿಂತ ನಾಲ್ಕು ಪಟ್ಟಿನವರೆಗೂ ಹೆಚ್ಚು ಗಂಟೆ ಹೇಳಿದರು. ವಿಚಿತ್ರವೆಂದರೆ ಮನೆಯ ಒಟ್ಟು ಗಂಟೆಗೆ ಬಂದಾಗ ಆ ಅಂತರ ಉಳಿಯಲಿಲ್ಲ. ದುಡಿದ ಕೆಲವರನ್ನೂ ಕೆಲವು ತಾಕುಗಳನ್ನೂ ಅವರು ಮರೆತೇಬಿಟ್ಟಿದ್ದರು. ಒಂದು ತಪ್ಪು ಇನ್ನೊಂದನ್ನು ಮುಚ್ಚಿತ್ತು. ಹಾಗಾಗಿ ಒಂದೇ ಸಲ ಕೇಳಿದ ದತ್ತಾಂಶದಲ್ಲಿ ಮನೆಯ ಒಟ್ಟು ದುಡಿಮೆಯ ಬಗ್ಗೆ ಎಚ್ಚರದಿಂದ ಮಾತಾಡಬಹುದು, ‘ಈ ತಾಕಿನಲ್ಲಿ ಹೆಂಗಸರ ಪಾಲು ಇಷ್ಟು’ ಎಂದು ಹೇಳುವ ಮುನ್ನ ಎರಡು ಸಲ ಯೋಚಿಸಬೇಕು.

ಹೆಂಗಸರ ಪಾಲಿನ ಮಾತು ಬಂತಲ್ಲ. ಆಫ್ರಿಕಾದ ಹೊಲದ ಕೆಲಸದಲ್ಲಿ 60ರಿಂದ 80 ಶೇಕಡಾ ಹೆಂಗಸರದೇ ಎಂಬ ಮಾತು ವರದಿಯಿಂದ ವರದಿಗೆ ನಕಲಾಗುತ್ತಲೇ ಇದೆ. ಆರು ದೇಶಗಳ ಸಮೀಕ್ಷೆಗಳಿಂದ ಬೆಳೆ ದುಡಿಮೆಯ ಗಂಟೆ ಎಣಿಸಿದಾಗ ಸಿಕ್ಕ ಸರಾಸರಿ 40 ಶೇಕಡಾ. ಮಲಾವಿಯಲ್ಲಿ 52, ನೈಜರ್‌ನಲ್ಲಿ 24. ‘ಆಫ್ರಿಕಾದಲ್ಲಿ’ ಎಂದು ಶುರುವಾಗುವ ವಾಕ್ಯ ಎಷ್ಟು ಹೊರಬಲ್ಲದು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಬೆಳೆ ಆದಾಯದ ಲೆಕ್ಕಕ್ಕೆ ಬರೋಣ. ಮಾರಿದ್ದು, ಮನೆಯಲ್ಲಿ ಉಂಡದ್ದು, ಕೂಡಿಟ್ಟದ್ದು, ಕೊಟ್ಟದ್ದು ಎಲ್ಲ ಕೂಡಿಸಿ, ಬೀಜ, ಗೊಬ್ಬರ, ಆಳಿನ ಕೂಲಿ, ಗೇಣಿ, ಸಾಗಣೆ ಕಳೆಯಬೇಕು. ಮನೆಯವರ ದುಡಿಮೆಗೆ ಬೆಲೆ ಕಟ್ಟಿ ಕಳೆಯಬೇಡಿ, ನೀವು ಅಳೆಯಹೊರಟಿದ್ದೇ ಅದರ ಪ್ರತಿಫಲವನ್ನು. ಕೂಪನ್ನಿನಿಂದ ಬಂದ ಸಬ್ಸಿಡಿ ಗೊಬ್ಬರಕ್ಕೆ ರೈತ ಕೊಟ್ಟ ಬೆಲೆ ಹಾಕುತ್ತೀರೋ ಮಾರುಕಟ್ಟೆ ಬೆಲೆಯೋ, ಒಂದನ್ನು ಆರಿಸಿ ಬರೆದಿಡಿ.

ಕೈಕೊಡುವುದು ಹೆಚ್ಚಾಗಿ ಅಳತೆಯಲ್ಲಿ. ಫಸಲನ್ನು ಜನ ಕಿಲೋದಲ್ಲಿ ಹೇಳುವುದಿಲ್ಲ. ಚೀಲ, ಬಕೆಟ್, ಬುಟ್ಟಿ, ಎತ್ತಿನ ಗಾಡಿ. ‘50 ಕೆಜಿ ಚೀಲ’ ಎಂದು ಬರೆದಿದ್ದರೂ ಒಳಗಿರುವುದು ತೆನೆಯಾಗಿದ್ದರೆ 50 ಕಿಲೋ ಕಾಳು ಬರುವುದಿಲ್ಲ. ಸಮೀಕ್ಷೆಯ ಜೊತೆ ಬರುವ ಪರಿವರ್ತನಾ ಕಡತದಲ್ಲಿ ಪ್ರಾಂತ್ಯ, ಬೆಳೆ, ಅಳತೆ, ಬಿಡಿಸಿದ್ದೋ ಬಿಡಿಸದ್ದೋ ಎಂಬ ನಾಲ್ಕೂ ಇವೆ. ನಾಲ್ಕನ್ನೂ ಹೊಂದಿಸಿಯೇ ಜೋಡಿಸಿ. ಕೊನೆಯದನ್ನು ಬಿಟ್ಟರೆ ತೆನೆ ಕಾಳಾಗಿಬಿಡುತ್ತದೆ, ಇಳುವರಿ ನೆಗೆಯುತ್ತದೆ. ಮಾರದ ಫಸಲಿಗೆ ಅದೇ ಊರಿನ ಮಾರಾಟದ ಮಧ್ಯಾಂಕ ಬೆಲೆ (ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ಹಾಕಿ. ಅಲ್ಲಿ 10 ಮಾರಾಟವೂ ಸಿಗದಿದ್ದರೆ ಜಿಲ್ಲೆಗೆ, ಆಮೇಲೆ ಪ್ರಾಂತ್ಯಕ್ಕೆ ಏರಿ. ಜಮೀನಿನ ವಿಸ್ತೀರ್ಣಕ್ಕೆ ಜಿಪಿಎಸ್ ಅಳತೆಯಿದ್ದರೆ ಅದನ್ನೇ ಬಳಸಿ: ಬಾಯಿಮಾತಿನ ಲೆಕ್ಕದಲ್ಲಿ ಸಣ್ಣ ತಾಕು ಹಿಗ್ಗುತ್ತದೆ, ದೊಡ್ಡದು ಕುಗ್ಗುತ್ತದೆ.

ಸಣ್ಣ ವ್ಯಾಪಾರದಲ್ಲಿ ಎರಡು ಸಲ ಎಣಿಸುವ ಅಪಾಯವಿದೆ. ಮನೆಯ ಮೆಕ್ಕೆಜೋಳದಿಂದಲೇ ಸ್ಥಳೀಯ ಬಿಯರ್ ತಯಾರಿಸಿ ಮಾರುವವಳು ಖರ್ಚಿನಲ್ಲಿ ಸೌದೆ ಹೇಳುತ್ತಾಳೆ, ಜೋಳ ಹೇಳುವುದಿಲ್ಲ. ಆ ಜೋಳ ಬೆಳೆ ಆದಾಯದಲ್ಲೂ ಬಂತು, ಬಿಯರ್ ಲಾಭದಲ್ಲೂ ಬಂತು.

ಬೇರೆ ಬೇರೆ ಸುತ್ತುಗಳನ್ನು, ದೇಶಗಳನ್ನು ಹೋಲಿಸುವಾಗ ನಾಣ್ಯ, ಪಂಚಾಂಗ ನೋಡಿಕೊಳ್ಳಿ. ಮೇ 2012ರಲ್ಲಿ ಮಲಾವಿ ಕ್ವಾಚಾದ ಬೆಲೆ ಒಂದೇ ಏಟಿಗೆ ಇಳಿಯಿತು. ಪಕ್ಕದ ಜಾಂಬಿಯಾ 2013ರ ಜನವರಿಯಲ್ಲಿ ತನ್ನ ಕ್ವಾಚಾದಿಂದ ಮೂರು ಸೊನ್ನೆ ತೆಗೆಯಿತು. ಹಳೆಯ 1,000 ಈಗ 1. ಇಥಿಯೋಪಿಯಾಕ್ಕೆ ಹೋದರೆ 13 ತಿಂಗಳ ಪಂಚಾಂಗ.

ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) ಅಂಕಿಗಳಲ್ಲಿ ಪಳಗಿದವರು ಇನ್ನೊಂದು ಗಮನಿಸಬೇಕು. 2013ರ 19ನೇ ಅಂತರರಾಷ್ಟ್ರೀಯ ಕಾರ್ಮಿಕ ಅಂಕಿಅಂಶ ಸಮ್ಮೇಳನದ ಪ್ರಕಾರ ಮುಖ್ಯವಾಗಿ ಮನೆಯ ಊಟಕ್ಕೆ ಬೆಳೆಯುವವರು ‘ಉದ್ಯೋಗಸ್ಥ’ರಲ್ಲ. ನಮ್ಮಲ್ಲಿ ಅವರು ಉದ್ಯೋಗಸ್ಥರೇ. ಹೊಸ ವ್ಯಾಖ್ಯೆಯ ಸುತ್ತನ್ನು ಹಳೆಯದರ ಪಕ್ಕ ಇಟ್ಟರೆ ಯಾರೂ ಕೆಲಸ ಬಿಡದೆಯೂ ಉದ್ಯೋಗ ಕುಸಿದಂತೆ ಕಾಣುತ್ತದೆ.

ಇಷ್ಟಾದ ಮೇಲೆ ಆದಾಯವನ್ನು ಒಬ್ಬರಿಗೆ ವರ್ಷಕ್ಕೆ ಇಷ್ಟು, ಗಂಟೆಗೆ ಇಷ್ಟು ಎಂದು ಕೋಷ್ಟಕದ ಎರಡು ಕಂಬಗಳಲ್ಲಿ ಕೊಡಿ. ಇಥಿಯೋಪಿಯಾ, ಮಲಾವಿ, ಟಾಂಜಾನಿಯಾ, ಉಗಾಂಡಾಗಳ ದತ್ತಾಂಶದಲ್ಲಿ ವರ್ಷದ ಲೆಕ್ಕಕ್ಕೆ ಬೇಸಾಯದ ಉತ್ಪಾದಕತೆ ಉಳಿದ ಕೆಲಸಗಳಿಗಿಂತ ಬಹಳ ಹಿಂದಿತ್ತು. ಗಂಟೆಯ ಲೆಕ್ಕಕ್ಕೆ ಆ ಅಂತರ ಬಹುತೇಕ ಮಾಯವಾಯಿತು. ಹೊಲದಲ್ಲಿ ವರ್ಷದ ಬಹುಪಾಲು ಸಾಕಷ್ಟು ಕೆಲಸವೇ ಇರುವುದಿಲ್ಲ. ಹೀಗಿರುವಾಗ ರೈತನನ್ನು ಹೊಲ ಬಿಡಿಸಿ ಪಟ್ಟಣಕ್ಕೆ ಸಾಗಿಸುವ ಯೋಜನೆಗಿಂತ, ಮಲಾವಿಯಲ್ಲಿ ಮಳೆಯಿಲ್ಲದ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳ್ಳಿಯಲ್ಲೇ ಕೆಲಸ ಹುಟ್ಟಿಸುವ ನೀರಾವರಿಯಂಥ ಯೋಜನೆಯ ವಾದ ಗಟ್ಟಿಯಾಗುತ್ತದೆ. ವರ್ಷದ ಕಂಬವನ್ನಷ್ಟೇ ನೋಡಿದವರಿಗೆ ಈ ವಾದ ಹೊಳೆಯುವುದೇ ಇಲ್ಲ.