ವಾಲ್ಯೂಮ್ ತಗ್ಗಿಸಿದ್ದೇ ನನ್ನ ತಪ್ಪು

ಶಿವಮೊಗ್ಗದ ಸುತ್ತಮುತ್ತ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳೋದು ನನ್ನ ಕೆಲಸ. ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಕಚೇರಿಯಿಂದ ಫೋನ್ ಬಂತು. ಅಲ್ಲಿ ಎಫ್‌ಡಿಎ ಆಗಿರುವ ಮೇಡಂಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನೋ ಪ್ರೋಗ್ರಾಂ ಇಟ್ಟುಕೊಂಡು, ಅದು ಹೇಳಿದ್ದನ್ನು ಕೇಳಿಯೇ ಎಲ್ಲ ಕೆಲಸ ಮಾಡುತ್ತಾರೆ. ಅಡಿಕೆ ರೇಟಿನ ಸುದ್ದಿ ತೆಗೆದರೆ ಸಾಕು, ಯಾವುದೋ ವಿಡಿಯೋ ಕಿರುಚೋಕೆ ಶುರು ಮಾಡುತ್ತೆ ಅಂದರು.

ಹೋದೆ. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ವಿಡಿಯೋ ಕೂಗಿದ ಕೂಡಲೇ ನಾನು ವಾಲ್ಯೂಮ್ ತಗ್ಗಿಸಿಬಿಟ್ಟೆ. ಅದರ ಜೊತೆಗೇ ಎನ್‌ವಿಡಿಎ ದನಿಯೂ ಅಡಗಿತು.

"ಈಗ ನನ್ನ ಸ್ಕ್ರೀನೇ ಆಫ್ ಮಾಡಿದ್ರಲ್ಲ ಸರ್" ಅಂದರು ಮೇಡಂ.

ಹತ್ತು ವರ್ಷ ಈ ಕೆಲಸ ಮಾಡಿದ್ದರೂ ನನಗೆ ಅದು ಹೊಳೆದಿರಲಿಲ್ಲ. ನಾವಾದರೆ ಕಣ್ಣಲ್ಲೇ ಹುಡುಕಿ ವಿಡಿಯೋ ನಿಲ್ಲಿಸುತ್ತೇವೆ. ಅವರಿಗೆ ಆ ಬಟನ್ ಎಲ್ಲಿದೆ ಅಂತ ಎನ್‌ವಿಡಿಎ ಹೇಳಬೇಕು, ಅದು ಹೇಳಿದ್ದು ಕೇಳಿಸಬೇಕಾದರೆ ಮೊದಲು ವಿಡಿಯೋ ನಿಲ್ಲಬೇಕು. ತಾನಾಗಿ ಬರುವ ಸದ್ದು 3 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಅದನ್ನು ನಿಲ್ಲಿಸೋಕೆ, ಇಲ್ಲವೇ ಅದೊಂದನ್ನೇ ತಗ್ಗಿಸೋಕೆ ದಾರಿ ಕೊಡಿ ಅಂತ ಡಬ್ಲ್ಯುಸಿಎಜಿ 2.0, ಅಂದರೆ ವೆಬ್‌ಸೈಟ್‌ಗಳು ಎಲ್ಲರಿಗೂ ಬಳಸೋಕೆ ಆಗುವಂತಿರಲಿ ಅಂತ ಮಾಡಿದ ನಿಯಮ, 2008ರಲ್ಲೇ ಹೇಳಿದೆ. ಸೈಟ್ ಮಾಡುವವರು ಇದನ್ನು ಪಾಲಿಸಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಕ್ರೋಮ್ 2018ರಿಂದಲೇ ಇಂಥದ್ದನ್ನು ತಡೆಯುತ್ತದಲ್ವಾ, ಮತ್ತೆ ಯಾಕೆ ಹೀಗೆ? ಆ ಸೈಟಿನಲ್ಲಿ ನೀವು ಒಮ್ಮೆ ಏನಾದರೂ ಒತ್ತಿದರೆ ಅದನ್ನೇ ಕ್ರೋಮ್ ಒಪ್ಪಿಗೆ ಅಂದುಕೊಳ್ಳುತ್ತದೆ. ಮೇಡಂ ಮುಖಪುಟದಲ್ಲಿ ತಲೆಬರಹದ ಮೇಲೆ ಎಂಟರ್ ಒತ್ತುತ್ತಿದ್ದರು, ಮುಂದಿನ ಪುಟ ಕೂಗುತ್ತಿತ್ತು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸೈಟ್‌ಗಳ ಸೌಂಡ್ ಪೂರ್ತಿ ಬಂದ್ ಮಾಡಿ, ಬೇಕಾದ ಸೈಟಿಗೆ ಮಾತ್ರ ಬಿಡಬಹುದು. ಎನ್‌ವಿಡಿಎ ಬೇರೆಯದೇ ಪ್ರೋಗ್ರಾಂ, ಹಾಗಾಗಿ ಅದರ ದನಿಗೆ ಏನೂ ಆಗುವುದಿಲ್ಲ. ಆದರೆ ವಿಡಿಯೋ ಸದ್ದಿಲ್ಲದೆ ಓಡುತ್ತಲೇ ಇರುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತೆ ಅಂತ ಗೊತ್ತಲ್ಲ.

ಅದಕ್ಕೇ ಫೈರ್‌ಫಾಕ್ಸ್ ಹಾಕಿಕೊಟ್ಟೆ. ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ ಒಳಗೆ ಆಟೋಪ್ಲೇ ಅಂತ ಇದೆ, ಅದನ್ನು ಬ್ಲಾಕ್ ಆಡಿಯೋ ಅಂಡ್ ವಿಡಿಯೋಗೆ ಬದಲಿಸಿದೆ. ಆಮೇಲೆ ಅಡ್ರೆಸ್ ಬಾರ್‌ನಲ್ಲಿ about:config ಅಂತ ಹಾಕಿ ಒಳಗಿನ ಸೆಟ್ಟಿಂಗ್‌ಗಳಿಗೆ ಹೋದೆ. ಅಲ್ಲಿ media.autoplay.blocking_policy ಅನ್ನೋದು 0 ಇತ್ತು, 2 ಮಾಡಿದೆ. ಆಗ ಎಲ್ಲೋ ಒಂದು ಎಂಟರ್ ಒತ್ತಿದ್ದು ಒಪ್ಪಿಗೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಕಡೆ ಬೇಕಾದ ವಿಡಿಯೋ ಕೂಡ ಹಟ ಮಾಡಬಹುದು, ಅಂಥ ಸೈಟಿಗೆ ಮಾತ್ರ ಅನುಮತಿ ಕೊಟ್ಟರಾಯಿತು. ಇಷ್ಟಾದರೂ ಏನಾದರೂ ಕೂಗಿದರೆ ಕಂಟ್ರೋಲ್ ಎಂ ಒತ್ತಿ, ಆ ಟ್ಯಾಬ್ ಒಂದೇ ಸುಮ್ಮನಾಗುತ್ತೆ.

ಕೊನೆಗೆ ಮಾನಿಟರ್ ಆಫ್ ಮಾಡಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಮೇಡಂ ಅಡಿಕೆ ಸುದ್ದಿ ತೆಗೆದರು. ತಗಡಿನ ಮೇಲೆ ಮಳೆ, ಎನ್‌ವಿಡಿಎ ದನಿ, ಅಷ್ಟೇ. ರಾಶಿ ಅಡಿಕೆ ರೇಟು ಎಷ್ಟು ಅಂತ ನನಗೂ ಕೇಳಿಸಿತು.