ಗ್ವಾದಲಿಯೊಳಗಿನ ಕೂಸು

ಡಿಸೆಂಬರ್ ಬಂತೆಂದರೆ ಅವ್ವ ಫೋನಿನಲ್ಲಿ ಮೊದಲು ಕೇಳುವುದು ಒಂದೇ ಮಾತು. "ಗ್ವಾದಲಿ ಕಟ್ಟಿದ್ರೇನು? ಹುಲ್ಲು ಎಲ್ಲಿ ಸಿಕ್ತು?" ಗ್ವಾದಲಿ ಅಂದರೆ ಗೋದಲಿ, ದನದ ಮೇವಿನ ತೊಟ್ಟಿ; ಕ್ರಿಸ್‌ಮಸ್‌ಗೆ ಹುಲ್ಲು ಹಾಸಿ, ಕೂಸು ಯೇಸುವಿನ ಗೊಂಬೆ ಮಲಗಿಸಿ ಮನೆಯಲ್ಲಿ ಕಟ್ಟುತ್ತೇವೆ. ಮೊಲ ಸಾಕುವವರಿಗೆಂದು ಇಲ್ಲಿನ ಅಂಗಡಿಗಳಲ್ಲಿ ಒಣಹುಲ್ಲು ಮಾರುತ್ತಾರೆ, ಅದನ್ನೇ ತಂದೆ ಅಂದೆ. ಅವ್ವನಿಗೆ ಸಮಾಧಾನ ಆಯಿತು.

ನಮ್ಮದು ಗದಗದ ಬೆಟಗೇರಿ. ಈಗ ಇರುವುದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ನಮ್ಮೂರಿಗೆ 1841ರಲ್ಲಿ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಬಂತು. ಆ ಮಿಷನ್ನಿನಲ್ಲಿ ಟ್ಯೂಬಿಂಗೆನ್ ಸೀಮೆಯವರು ಬಹಳ ಮಂದಿ ಇದ್ದರು. ನಿಘಂಟಿನ ಕಿಟೆಲ್ ತೀರಿಕೊಂಡದ್ದೂ ಇದೇ ಟ್ಯೂಬಿಂಗೆನ್‌ನಲ್ಲಿ, 1903ರ ಡಿಸೆಂಬರ್‌ನಲ್ಲಿ. ಇದು ಗೊತ್ತಾದ ಮೇಲೆ ಈ ಊರಲ್ಲಿ ಕೂತು ಕನ್ನಡ ಸತ್ಯವೇದ, ಅಂದರೆ ಬೈಬಲ್, ಓದುವಾಗ ನನಗೆ ಅಷ್ಟು ಪರಕೀಯ ಅನಿಸುವುದಿಲ್ಲ.

ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹಬ್ಬಕ್ಕೆ ಮೊದಲು ನಾಲ್ಕು ಆಗಮನದ ಭಾನುವಾರಗಳು, ಭಾನುವಾರಕ್ಕೊಂದು ಮೇಣದಬತ್ತಿ. ಮೊದಲ ವಾರ ಒಂದು ಉರಿಯುತ್ತದೆ, ಕೊನೆಯ ವಾರ ನಾಲ್ಕೂ. ಊರಲ್ಲಿದ್ದಾಗ ಈ ದಿನಗಳು ಕರ್ಚಿಕಾಯಿ, ಚಕ್ಕುಲಿ, ರಾತ್ರಿ ಮನೆಮನೆಗೆ ಹೋಗಿ ಹಾಡುವ ಗದ್ದಲದಲ್ಲಿ ಕಳೆದೇ ಹೋಗುತ್ತಿದ್ದವು, ಕಾಯುವುದಕ್ಕೆ ಪುರುಸೊತ್ತೇ ಇರುತ್ತಿರಲಿಲ್ಲ. ಇಲ್ಲಿ ಕಾಯುತ್ತೇನೆ. ಒಮ್ಮೆ ಬಂದವನು, ಇನ್ನೊಮ್ಮೆ ಬರುವವನು, ಎರಡೂ ಒಬ್ಬನೇ ಯೇಸುಸ್ವಾಮಿ ಅನ್ನುವುದು ಈ ಕಾಲದ ಓದುಗಳಲ್ಲೆಲ್ಲ ಇದೆ. ಚಿಕ್ಕವಳಿದ್ದಾಗ ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಜರ್ಮನ್ನಿನಲ್ಲಿ ಗೋದಲಿಗೆ ಕ್ರಿಪ್ಪೆ ಅನ್ನುತ್ತಾರೆ. ದನಕ್ಕೆ ಮೇವು ಹಾಕುವ ತೊಟ್ಟಿಯೂ ಕ್ರಿಪ್ಪೆ, ಪುಟ್ಟ ಮಕ್ಕಳನ್ನು ಹಗಲು ಬಿಟ್ಟುಹೋಗುವ ಜಾಗವೂ ಕ್ರಿಪ್ಪೆ. ಮಗಳನ್ನು ಎರಡು ವರ್ಷ ದಿನಾ ಬೆಳಿಗ್ಗೆ ಕ್ರಿಪ್ಪೆಗೆ ಬಿಟ್ಟು ಕೆಲಸಕ್ಕೆ ಹೋಗಿದ್ದೇನೆ. ಆದರೆ ನನಗೆ ಆ ಪದದಲ್ಲಿ ದನದ ವಾಸನೆ ಬರುವುದಿಲ್ಲ. ಗ್ವಾದಲಿ ಅಂದರೆ ಬರುತ್ತದೆ.

ಅಜ್ಜಿಯ ಮನೆಯಲ್ಲಿ ದನ ಕಟ್ಟುತ್ತಿದ್ದದ್ದು ಮನೆಯೊಳಗೇ. ಬಾಗಿಲು ದಾಟಿದ ಕೂಡಲೇ ದನದ ಜಾಗ, ಅದಕ್ಕಿಂತ ಎತ್ತರದಲ್ಲಿ ನಾವು ಮಲಗುವ ಪಡಸಾಲೆ. ರಾತ್ರಿ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತಲೇ ನಿದ್ದೆ ಬರುತ್ತಿತ್ತು. ಯೇಸು ಹುಟ್ಟಿದ ನಾಡಿನ ರೈತರ ಮನೆಗಳೂ ಹೀಗೇ ಇದ್ದವಂತೆ: ತಗ್ಗಿನಲ್ಲಿ ದನ, ಎತ್ತರದಲ್ಲಿ ಮಂದಿ, ನಡುವೆ ಗೋದಲಿ. ಲೂಕನು ಬರೆದ ಸುವಾರ್ತೆಯಲ್ಲಿ ಛತ್ರದಲ್ಲಿ ಜಾಗ ಇರಲಿಲ್ಲ ಎಂದು ನಾವು ಓದುತ್ತೇವೆ, ಅಲ್ವಾ? ಅಲ್ಲಿನ ಗ್ರೀಕ್ ಪದಕ್ಕೆ ಅತಿಥಿಗಳ ಕೋಣೆ ಎಂಬ ಅರ್ಥವೂ ಇದೆ. ಕೊನೆಯ ಭೋಜನ ನಡೆದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ. ಹಾಗಾದರೆ ಆ ರಾತ್ರಿ ಮನೆ ನೆಂಟರಿಂದ ತುಂಬಿತ್ತು, ಕೂಸನ್ನು ಮಲಗಿಸಲು ಗೋದಲಿ ಒಂದೇ ಖಾಲಿ ಇತ್ತು ಎಂದು ಕೆಲವು ಪಂಡಿತರು ಹೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ನನಗಂತೂ ಇದನ್ನು ಓದಿದಾಗ ಅಜ್ಜಿಯ ಮನೆಯೇ ಕಣ್ಣೆದುರು ಬಂತು. ಊರಾಚೆ ಎಲ್ಲೋ ದೂರದಲ್ಲಿ ಬಿದ್ದಿದ್ದ ಕೂಸು ಅಲ್ಲ, ಮಂದಿಯ ನಡುವೆ, ಹೊಗೆ, ಸೆಗಣಿ, ಮಾತುಕತೆಯ ನಡುವೆ ಇದ್ದ ಕೂಸು.

24ಕ್ಕೆ ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಮುಚ್ಚಿದವು. ನಾಲ್ಕಕ್ಕೆ ಚರ್ಚಿನಲ್ಲಿ ಮಕ್ಕಳ ನಾಟಕ, ಮಗಳು ಅದರಲ್ಲಿ ಕುರಿಮರಿ. ಚೆನ್ನಾಗಿ ಮಾಡಿದಳು.

25ಕ್ಕೆ ನಮ್ಮ ಎರಡು ಕೋಣೆಯ ಮನೆಗೆ ಸುತ್ತಲಿನ ಊರುಗಳಿಂದ ಕನ್ನಡದವರು ಬಂದರು. ನಮ್ಮನ್ನೂ ಸೇರಿಸಿ ಹದಿನಾಲ್ಕು ಮಂದಿ. ಅವರಲ್ಲಿ ಕ್ರೈಸ್ತರು ನಾವು ಮತ್ತು ಇನ್ನೊಂದು ಮನೆಯವರು ಅಷ್ಟೇ. ಮಟನ್ ಸಾರು, ಶೇಂಗಾ ಚಟ್ನಿ, ಜೋಳದ ರೊಟ್ಟಿ. ಕರೆಂಟ್ ಒಲೆಯ ಮೇಲೆ ರೊಟ್ಟಿ ಉಬ್ಬಬೇಕೆಂದರೆ ಬಟ್ಟೆಯಿಂದ ಒತ್ತುತ್ತಾ ನಿಲ್ಲಬೇಕು, ಮೂವತ್ತು ರೊಟ್ಟಿ ಹಾಗೇ ಬೇಯಿಸಿದೆ. ಬೇತ್ಲೆಹೇಮ್ ಅಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಆ ಊರಲ್ಲಿ ಹುಟ್ಟಿ ಮೇವಿನ ತೊಟ್ಟಿಯಲ್ಲಿ ಮಲಗಿದವನು ಮುಂದೆ ತಾನೇ ಜೀವ ಕೊಡುವ ರೊಟ್ಟಿ ಎಂದ. ರೊಟ್ಟಿ ಬಡಿಯುವಾಗ ಇದು ನೆನಪಾಗಿ ಗಂಟಲು ತುಂಬಿ ಬಂತು.

ಬಂದವರಲ್ಲಿ ಒಬ್ಬರ ಮಗುವಿಗೆ ಎರಡೂವರೆ ತಿಂಗಳು. ಅದಕ್ಕೆ ನಿದ್ದೆ ಬಂತು. ಮಂಚದ ಮೇಲೆಲ್ಲ ಕೋಟುಗಳ ರಾಶಿ, ಸೋಫಾ ತುಂಬ ಜನ. ಕೊನೆಗೆ ಒಗೆಯುವ ಬಟ್ಟೆ ಹಾಕುವ ಬುಟ್ಟಿ ಖಾಲಿ ಮಾಡಿ, ಕಂಬಳಿ ಹಾಸಿ ಅದರಲ್ಲಿ ಮಲಗಿಸಿದೆವು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಕಂಡಿತ್ತು.

ಆಗಲೇ ಮಂಡ್ಯದ ಗೆಳತಿ ಕೇಳಿದಳು, "ಹಾಗಾದ್ರೆ ಯೇಸುನೂ ಒಂದು ಅವತಾರನಾ?" ಒಳ್ಳೆಯ ಪ್ರಶ್ನೆ. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ನರಾವತಾರ ಎಂಬ ಪದವೇ ಇದೆ, ತೆಗೆದು ತೋರಿಸಿದೆ. ಆದರೆ ನಾವು ನಂಬುವುದು ಒಂದೇ ಸಲ ಮನುಷ್ಯನಾಗಿ ಹುಟ್ಟಿದ್ದನ್ನು, ಮನುಷ್ಯನ ರೂಪ ತೊಟ್ಟು ಆಮೇಲೆ ಕಳಚಿಟ್ಟದ್ದನ್ನಲ್ಲ. ನಿಜವಾಗಿ ಹಸಿದು, ಅತ್ತು, ತಾಯಿಯ ಹಾಲಿಗೆ ಕಾದು, ಮುಂದೆ ನಿಜವಾಗಿ ಸತ್ತು ಎದ್ದವನನ್ನು. ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರಲ್ಲಿ ಕಾಲ್ಸಿಡಾನ್ ಎಂಬ ಊರಲ್ಲಿ ಸೇರಿದ ಸಭೆಯಲ್ಲಿ ಚರ್ಚಿನ ಹಿರಿಯರು ಬರೆದಿಟ್ಟಿದ್ದಾರೆ. ನಾನು ಅವಳಿಗೆ ಬುಟ್ಟಿ ತೋರಿಸಿದೆ. ದೇವರು ಇಷ್ಟು ಚಿಕ್ಕವನಾಗಿದ್ದ, ಇನ್ನೊಬ್ಬರು ಎತ್ತಿಕೊಳ್ಳದಿದ್ದರೆ ಏನೂ ಮಾಡಲಾಗದಷ್ಟು ಚಿಕ್ಕವನು ಅಂದೆ. ಅವಳು ಬಹಳ ಹೊತ್ತು ಆ ಮಗುವನ್ನೇ ನೋಡುತ್ತಾ ಕೂತಿದ್ದಳು.

ಗೋದಲಿ ಇನ್ನೂ ತೆಗೆದಿಲ್ಲ. ಕೂಸನ್ನು ನೋಡಲು ಮೂಡಣದಿಂದ ಬಂದ ಮೂವರು ಜ್ಞಾನಿಗಳ ಗೊಂಬೆಗಳು ಅಲ್ಲಿಗೆ ತಲುಪುವುದು ಜನವರಿ 6ಕ್ಕೆ. ಮಗಳು ದಿನಕ್ಕೊಂದು ಗೇಣು ಅವರನ್ನು ಸರಿಸುತ್ತಾಳೆ. ಇವತ್ತು ಪುಸ್ತಕದ ಕಪಾಟು ದಾಟಿ ಕಿಟಕಿಯ ಹತ್ತಿರ ಬಂದಿದ್ದಾರೆ.